ಜೀರೋ ಡೆಪ್ ಇದ್ದರೂ ಕಾರಿನ ಬೆಲೆ ಇಳಿದದ್ದೇಕೆ?

ರಿಪೇರಿ ಮುಗಿದು ಕಾರು ಮನೆ ಸೇರಿ ಐದಾರು ತಿಂಗಳಾದ ಮೇಲೆ ನನಗೆ ಫೋನ್ ಬರುತ್ತದೆ. "ಸರ್, ಗಾಡಿ ಮಾರೋಣ ಅಂತ ಹೋದ್ರೆ ಆಕ್ಸಿಡೆಂಟ್ ಗಾಡಿ ಅಂತ ಒಂದು ಲಕ್ಷ ಕಡಿಮೆ ಕೇಳ್ತಾರೆ. ನಮ್ದು ಜೀರೋ ಡೆಪ್ ಪಾಲಿಸಿ. ಆ ದುಡ್ಡು ಕಂಪನಿಯವರೇ ಕೊಡಬೇಕಲ್ವಾ?" ವಾಹನ ವಿಮೆಯ ಸರ್ವೇಯರ್ ಆಗಿ ಇಪ್ಪತ್ತು ವರ್ಷ ದಾಟಿತು, ಈ ಪ್ರಶ್ನೆ ಕೇಳಿಸಿಕೊಳ್ಳದ ತಿಂಗಳಿಲ್ಲ. ನಿಮ್ಮ ಸ್ವಂತ ಪಾಲಿಸಿ ಆ ದುಡ್ಡು ಕೊಡುವುದಿಲ್ಲ. ಜೀರೋ ಡೆಪ್, ಅಂದರೆ 'ಸವಕಳಿ ಸೊನ್ನೆ' (ಜೀರೋ ಡೆಪ್ರಿಸಿಯೇಷನ್) ಎಂಬ ಹೆಚ್ಚುವರಿ ರಕ್ಷಣೆ ಇದ್ದರೂ ಇಲ್ಲ.

ಗೊಂದಲ ಎಲ್ಲ ಇರುವುದು ಸವಕಳಿ ಎಂಬ ಒಂದು ಮಾತಿನಲ್ಲಿ. ನಮ್ಮ ವ್ಯವಹಾರದಲ್ಲಿ ಮೂರು ಬೇರೆಬೇರೆ ಸವಕಳಿಗಳಿವೆ. ಮೊದಲನೆಯದು ವಯಸ್ಸಿನದು. ಪಾಲಿಸಿಯಲ್ಲಿ ಐಡಿವಿ (ಗಾಡಿಗೆ ಕಟ್ಟಿದ ವಿಮಾ ಮೌಲ್ಯ) ಅಂತ ಒಂದು ಮೊತ್ತ ಅಚ್ಚಾಗಿರುತ್ತದಲ್ಲ, ಅದು ಕಾರು ತಯಾರಿಸಿದ ಕಂಪನಿಯ ಮಾರಾಟ ದರದಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಕಳೆದು ಉಳಿದದ್ದು: ಎರಡರಿಂದ ಮೂರು ವರ್ಷದ ಗಾಡಿಗೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40. ಎರಡನೆಯದು ಬಿಡಿಭಾಗದ್ದು. ಹೊಸ ಪ್ಲಾಸ್ಟಿಕ್ ಬಂಪರಿಗೆ 12,000 ರೂಪಾಯಿ ಬಿಲ್ ಆದರೆ, ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಕಳೆದು 6,000 ಕೊಡುತ್ತಾರೆ. ಜೀರೋ ಡೆಪ್ ಇದ್ದರೆ ಆ ಅರ್ಧವನ್ನು ಕಳೆಯುವುದಿಲ್ಲ. ಜೀರೋ ಆಗುವುದು ಈ ಎರಡನೆಯದು ಮಾತ್ರ.

ಮೂರನೆಯದು ಸಂತೆಯ ಸವಕಳಿ. ಗಾಡಿ ಗುದ್ದಿಸಿಕೊಂಡಿತ್ತು ಅಂತ ಗೊತ್ತಾದ ಕೂಡಲೇ ಕೊಳ್ಳುವವನು ಇಳಿಸುವ ಬೆಲೆ. ತೂತು ಬಿದ್ದ ತಾಮ್ರದ ಕೊಡಕ್ಕೆ ಬೆಸುಗೆ ಹಾಕಿಸಿದರೆ ನೀರು ನಿಲ್ಲುತ್ತದೆ, ಆದರೆ ಪಾತ್ರೆ ಅಂಗಡಿಯವನು ಬೆಸುಗೆಯ ಮೇಲೆ ಬೆರಳಾಡಿಸಿ ಬೆಲೆ ಕಟ್ಟುತ್ತಾನೆ. ನಿಮ್ಮ ಪಾಲಿಸಿ ಬೆಸುಗೆಯ ಕೂಲಿ ಕೊಡುತ್ತದೆ. ಬಿದ್ದ ಬೆಲೆ ತುಂಬಿಕೊಡುತ್ತೇನೆ ಅಂತ ಎಲ್ಲೂ ಹೇಳಿಲ್ಲ. ಅಪಘಾತದ ಪರಿಣಾಮವಾಗಿ ಆಗುವ ಇತರ ನಷ್ಟ, ಸವಕಳಿ, ಸವೆತ ಇವು ಸೇರುವುದಿಲ್ಲ ಅಂತ ಸ್ವಂತ ಹಾನಿಯ ಭಾಗದಲ್ಲೇ ಬರೆದಿದೆ. ದಯವಿಟ್ಟು ಆ ಪುಟ ಒಮ್ಮೆ ಓದಿ.

"ಹಂಗಾದ್ರೆ ಟೋಟಲ್ ಲಾಸ್ ಬರೆದುಬಿಡಿ ಸರ್" ಅನ್ನುವವರೂ ಇದ್ದಾರೆ. ಗಾಡಿ ಪೂರ್ತಿ ಹೋಯಿತು ಅಂತ ಬರೆಯಲು ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಬೇಕು. ದಾಟದ್ದನ್ನು ದಾಟಿತು ಅಂತ ನಾನು ಬರೆಯುವುದಿಲ್ಲ, ಬರೆಯಬಾರದು. ರಿಟರ್ನ್ ಟು ಇನ್‌ವಾಯ್ಸ್ ಎಂಬ ಹೆಚ್ಚುವರಿ ರಕ್ಷಣೆ ಕೂಡ ಗಾಡಿ ಪೂರ್ತಿ ಹೋದಾಗ ಅಥವಾ ಕಳವಾದಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ದಾವಣಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಕಾರು. ಹರಿಹರದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಹಿಂದಿನಿಂದ ಗುದ್ದಿತ್ತು. ಐಡಿವಿ 8.20 ಲಕ್ಷ, ರಿಪೇರಿ ಬಿಲ್ 1.62 ಲಕ್ಷ. ಕಡ್ಡಾಯ ಕಡಿತದ ಸಾವಿರ ರೂಪಾಯಿ ಮತ್ತು ಆಯಿಲ್, ನಟ್ಟು-ಬೋಲ್ಟಿನಂಥ ಸಣ್ಣಪುಟ್ಟದ್ದು ಬಿಟ್ಟು ಮಿಕ್ಕಿದ್ದೆಲ್ಲ ಕ್ಲೇಮ್ ಆಯಿತು. ಕೆಲಸವೂ ಚೆನ್ನಾಗಿಯೇ ಆಗಿತ್ತು. ಮಾರುವಾಗ ನನ್ನನ್ನೂ ಕರೆದುಕೊಂಡು ಹೋದರು. ಸೆಕೆಂಡ್ ಹ್ಯಾಂಡ್ ವ್ಯಾಪಾರಿ ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರ್ ತೆಗೆದು ಟಾಪ್ ಮೇಲಿಟ್ಟ: 110 ಮೈಕ್ರಾನ್. ಬಲಗಡೆ ಹಿಂದಿನ ಪ್ಯಾನೆಲ್ ಮೇಲಿಟ್ಟ: 340. ಡಿಕ್ಕಿ ತೆಗೆದು, ಸ್ಟೆಪ್ನಿ ಎತ್ತಿ, ತಗಡಿನ ಜೋಡಣೆಯ ಮೇಲಿನ ಸೀಲಂಟನ್ನು ಉಗುರಿನಿಂದ ಮುಟ್ಟಿದ. ಎಡಗಡೆ ಫ್ಯಾಕ್ಟರಿಯ ಒಂದೇ ಅಳತೆಯ ಗೆರೆ, ಬಲಗಡೆ ಕೈಯಿಂದ ಎಳೆದ ಅಂಕುಡೊಂಕು ಗೆರೆ. ಅಪಘಾತಕ್ಕೆ ಮೊದಲು 7.40 ಕೊಡುತ್ತೇನೆ ಅಂದಿದ್ದವನು 6.10ಕ್ಕೆ ಬಂದ. ಮೇಷ್ಟ್ರು ಮಾತಾಡಲಿಲ್ಲ. ಆ ಗಾಡಿಯನ್ನು ಅವರು ವಾರಕ್ಕೊಮ್ಮೆ ತಾವೇ ತೊಳೆಯುತ್ತಿದ್ದರು.

ಆ 1.30 ಲಕ್ಷವನ್ನು ಕೇಳಬಹುದಾಗಿದ್ದ ಬಾಗಿಲು ಒಂದೇ, ಅದು ಲಾರಿಯ ಪಾಲಿಸಿ. ಗುದ್ದಿದವನ ಥರ್ಡ್ ಪಾರ್ಟಿ ವಿಮೆ ಪೆಟ್ಟಾದ ಮನುಷ್ಯರಿಗಷ್ಟೇ ಅಂತ ಜನ ತಿಳಿದಿದ್ದಾರೆ. ಮೂರನೆಯವರ ಆಸ್ತಿಗೆ ಆದ ಹಾನಿಯೂ ಅದರೊಳಗೇ ಬರುತ್ತದೆ. ಅದರ ಮಿತಿ ಕಾರು, ಲಾರಿಗಳಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷ. ಪ್ರೀಮಿಯಂ ಉಳಿಸಲು 6,000 ರೂಪಾಯಿಗೆ ಇಳಿಸಿಕೊಂಡವರೂ ಇರುತ್ತಾರೆ, ಆಗ ಮಿಕ್ಕಿದ್ದಕ್ಕೆ ಮಾಲೀಕನೇ ಹೊಣೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಬೇಕಾದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ.

ಮೇಷ್ಟ್ರು ಹಾಕಲಿಲ್ಲ. ಅಪಘಾತವಾದ ಜಾಗದಲ್ಲೇ ಡ್ರೈವರ್ ಹುಡುಗ ಅತ್ತನಂತೆ. ಐದು ಸಾವಿರ ತೆಗೆದುಕೊಂಡು, "ನಮ್ಮದು ಯಾವ ತಕರಾರೂ ಇಲ್ಲ" ಅಂತ ಚೀಟಿ ಬರೆದು ಸಹಿ ಮಾಡಿದ್ದರು. ಅವರ ಮನಸ್ಸು ದೊಡ್ಡದು, ನಾನು ತಪ್ಪು ಹೇಳಲಾರೆ. ದೂರು ಕೊಟ್ಟರೆ ಹುಡುಗನ ಮೇಲೆ ಕೇಸು ಆಗುತ್ತಿತ್ತು, ಅದೂ ನಿಜ. ಆದರೆ ಬೆಲೆ ಬಿದ್ದ ದುಡ್ಡು ಆ ಹುಡುಗನ ಜೇಬಿನಿಂದ ಬರಬೇಕಿರಲಿಲ್ಲ. ಲಾರಿ ಮಾಲೀಕ ವರ್ಷವರ್ಷ ಪ್ರೀಮಿಯಂ ಕಟ್ಟಿದ್ದು ಇಂಥದ್ದಕ್ಕೇ.

ಹಾಕಿದರೆ ಗ್ಯಾರಂಟಿ ಸಿಗುತ್ತದಾ ಅಂದರೆ, ಹಾಗೆ ಹೇಳಲಾರೆ. ಬೆಲೆ ಇಳಿದದ್ದಕ್ಕೆ ಪರಿಹಾರ ಕೊಡಲೇಬೇಕೆಂಬ ಸಿದ್ಧ ಸೂತ್ರ ನಮ್ಮಲ್ಲಿಲ್ಲ. ಎಲ್ಲ ಸಾಕ್ಷ್ಯದ ಮೇಲೆ ನಿಂತಿದೆ. ರಿಪೇರಿಗೆ ನಿಮ್ಮ ಕಂಪನಿ ಕೊಟ್ಟ ದುಡ್ಡನ್ನು ಮತ್ತೆ ಕೇಳುವಂತಿಲ್ಲ, ಅಲ್ಲಿ ಸಿಗದ ಬಾಕಿಯನ್ನು ಕೇಳಬೇಕು. "ಪೂರ್ಣ ಮತ್ತು ಅಂತಿಮ" ಅಂತ ಕ್ಲೇಮಿನ ದುಡ್ಡಿಗೆ ಸಹಿ ಹಾಕಿದ ವೋಚರ್ ಅಡ್ಡ ಬರಬಹುದು, ಹಾಗಾಗಿ ಸಹಿಗೆ ಮೊದಲೇ ವಕೀಲರಿಗೆ ತೋರಿಸಿ. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಎಂಟು ವರ್ಷದ ಗಾಡಿಯ ಬಾಗಿಲು ತರಚಿದ್ದಕ್ಕೆಲ್ಲ ಕೋರ್ಟು ಹತ್ತುವುದು ಬೇಡ, ವಕೀಲರ ಫೀಸೇ ಜಾಸ್ತಿಯಾದೀತು. ಹೊಸ ಗಾಡಿಯ ಚಾಸಿಗೋ ಪಿಲ್ಲರಿಗೋ ಪೆಟ್ಟಾಗಿದ್ದರೆ ಮಾತ್ರ ಯೋಚಿಸಿ.

ಹೋದ ವಾರ ಒಬ್ಬ ನರ್ಸ್ ಹೆಣ್ಣುಮಗಳು ಗ್ಯಾರೇಜಿನಿಂದಲೇ ಫೋನ್ ಮಾಡಿದರು. ಒಂಬತ್ತು ತಿಂಗಳ ಕಾರು, ಹಿಂದಿನಿಂದ ಟೆಂಪೋ ಗುದ್ದಿತ್ತು, ಪೊಲೀಸ್ ದೂರು ಕೊಟ್ಟಾಗಿತ್ತು. "ಬಿಚ್ಚೋಕೆ ಶುರು ಮಾಡಿದಾರೇನಮ್ಮ?" ಅಂದೆ. "ಇಲ್ಲ ಸರ್, ಮಧ್ಯಾಹ್ನದ ಮೇಲೆ ಅಂದ್ರು." ಬಿಚ್ಚುವ ಮೊದಲು ನಂಬರ್ ಪ್ಲೇಟ್ ಕಾಣುವಂತೆ, ಬಿಚ್ಚಿದ ಮೇಲೆ ಒಳಗಿನ ತಗಡು ಕಾಣುವಂತೆ ಫೋಟೋ ತೆಗೆಯಿರಿ, ಮಹಜರಿನ ನಕಲು ಮತ್ತು ಸರ್ವೆ ವರದಿ ಇಟ್ಟುಕೊಳ್ಳಿ, ರಿಪೇರಿ ಆದಮೇಲೆ ಇಬ್ಬರು ವ್ಯಾಪಾರಿಗಳಿಂದ ಚಾಸಿ ನಂಬರ್ ಹಾಕಿಸಿ ಲಿಖಿತ ಬೆಲೆ ತನ್ನಿ ಅಂದೆ. ಅರ್ಧ ಗಂಟೆಯಲ್ಲಿ ಇಪ್ಪತ್ತೊಂದು ಫೋಟೋ ಬಂದವು. ಚಾಸಿ ನಂಬರಿನದು ಮಸುಕಾಗಿತ್ತು. ಟಾರ್ಚ್ ಹಿಡಿದು ಇನ್ನೊಂದು ತೆಗೆಯಲು ವಾಪಸ್ ಕಳಿಸಿದೆ.