ಕಾರ್ನರ್ ಸೈಟಿನ ದೇಶ: ಜಿಬೂಟಿಗೆ ಎಲ್ಲರೂ ಬಾಡಿಗೆಗೆ ಬಂದದ್ದು ಹೇಗೆ?

ಹಡಗಿನ ಸರಕಿನ ಕಾಗದಪತ್ರ ನೋಡುವವರಿಗೆ ಈ ಸಾಲು ಚೆನ್ನಾಗಿ ಗೊತ್ತು. ಇಥಿಯೋಪಿಯಾಕ್ಕೆ ಹೋಗುವ ಕಂಟೇನರ್‌ನ ಬಿಲ್ ಆಫ್ ಲೇಡಿಂಗ್ ತೆಗೆದರೆ, ಸರಕು ಇಳಿಸುವ ಬಂದರು ಎಂಬಲ್ಲಿ ಜಿಬೂಟಿ ಎಂದಿರುತ್ತದೆ. ಪಕ್ಕದಲ್ಲೇ ‘ಇಥಿಯೋಪಿಯಾಕ್ಕೆ ಇನ್ ಟ್ರಾನ್ಸಿಟ್’ ಅಂತ ಒಂದು ಷರಾ. ಅಂದರೆ ಆ ಪೆಟ್ಟಿಗೆಯಲ್ಲಿರುವ ಔಷಧಿಯೋ ಯಂತ್ರದ ಬಿಡಿಭಾಗವೋ ಜಿಬೂಟಿಯವರಿಗಲ್ಲ. ಅಲ್ಲಿ ಇಳಿದು, ಸೀಲು ಒಡೆಯದೆ ಲಾರಿಯನ್ನೋ ರೈಲನ್ನೋ ಹತ್ತಿ, ಅಡಿಸ್ ಅಬಾಬಾ ಹತ್ತಿರದ ಮೋಜೋ ಎಂಬ ಒಣ ಬಂದರಿಗೆ, ಅಂದರೆ ಸಮುದ್ರವಿಲ್ಲದ ಊರಿನ ಕಂಟೇನರ್ ಅಂಗಳಕ್ಕೆ, ಹೋಗುತ್ತದೆ. ಇಂಥ ಕಾಗದಗಳನ್ನು ನೋಡಿ ನೋಡಿ ನಾನು ತುಂಬ ದಿನ ಜಿಬೂಟಿಯನ್ನು ಒಂದು ದೇಶ ಅಂತ ಅಂದುಕೊಂಡೇ ಇರಲಿಲ್ಲ. ಸುಮ್ನೆ ಒಂದು ದೊಡ್ಡ ಜೆಟ್ಟಿ ಅಂತ ಅಂದುಕೊಂಡಿದ್ದೆ.

ದೇಶವೇ. 23,200 ಚದರ ಕಿ.ಮೀ., ಹತ್ತು ಲಕ್ಷದ ಆಸುಪಾಸು ಜನ, ಅವರಲ್ಲಿ ಹತ್ತಿರತ್ತಿರ ಮುಕ್ಕಾಲು ಪಾಲು ರಾಜಧಾನಿಯಲ್ಲೇ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಬೆಳೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅನ್ನ ರೊಟ್ಟಿ ತರಕಾರಿ ಎಲ್ಲವೂ ಹೊರಗಿನಿಂದ ಬರಬೇಕು. ಇರುವುದು ಉಪ್ಪು. ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗಿರುವ ಅಸ್ಸಾಲ್ ಸರೋವರದ ನೀರು ಸಮುದ್ರದ ನೀರಿಗಿಂತ ಹತ್ತು ಪಟ್ಟು ಉಪ್ಪು. ಅಫಾರ್ ಜನ ತಲೆಮಾರುಗಳಿಂದ ಅದನ್ನು ಒಂಟೆ ಮೇಲೆ ಹೇರಿಕೊಂಡು ಇಥಿಯೋಪಿಯಾದ ಕಡೆ ಹೋಗಿ ಮಾರಿ ಬಂದವರು.

ಹಾಗಿದ್ದರೆ ಅಮೆರಿಕ, ಫ್ರಾನ್ಸ್, ಚೀನಾ, ಜಪಾನ್, ಇಟಲಿ ಇಷ್ಟೂ ಜನ ಅಲ್ಲಿ ಸೈನ್ಯ ಇಟ್ಟುಕೊಂಡು ಕೂತಿರುವುದು ಯಾಕೆ? ನಕ್ಷೆ ನೋಡಿ. ಕೆಂಪು ಸಮುದ್ರ ಮುಗಿದು ಏಡನ್ ಕೊಲ್ಲಿ ಶುರುವಾಗುವ ಬಾಬ್ ಅಲ್ ಮಂದಬ್ ಜಲಸಂಧಿ ಇರುವುದು ಅಲ್ಲೇ, ಅಗಲ ಕಡಿಮೆ ಇರುವ ಕಡೆ 30 ಕಿ.ಮೀ.ಯೂ ಇಲ್ಲ. ಸೂಯೆಜ್ ಕಾಲುವೆಗೆ ಹೋಗುವ ಹಡಗು, ಅಲ್ಲಿಂದ ಬರುವ ಹಡಗು ಎರಡೂ ಆ ಬಾಗಿಲಲ್ಲೇ ನುಸುಳಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾರ್ನರ್ ಸೈಟು. ಬಾವಿ ತೋಡಿದರೆ ನೀರಿಲ್ಲ, ಗಿಡ ನೆಟ್ಟರೆ ಬರುವುದಿಲ್ಲ, ಆದರೆ ಎರಡು ದೊಡ್ಡ ರಸ್ತೆ ಕೂಡುವ ಜಾಗ.

ಇದನ್ನು ಮೊದಲು ಕಂಡವರು ಫ್ರೆಂಚರು. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಏಳು ವರ್ಷ ಮೊದಲೇ, 1862ರಲ್ಲಿ, ತಜೂರಾ ಕೊಲ್ಲಿಯ ಉತ್ತರ ದಡದ ಓಬೋಕ್ ಎಂಬ ಜಾಗವನ್ನು ಅಲ್ಲಿನ ಅಫಾರ್ ಮುಖಂಡರಿಂದ ಒಪ್ಪಂದ ಮಾಡಿ ಪಡೆದರು. 1888ರಲ್ಲಿ ದಕ್ಷಿಣ ದಡದಲ್ಲಿ ಜಿಬೂಟಿ ಊರು ಎದ್ದಿತು. 1917ರಲ್ಲಿ ಅಲ್ಲಿಂದ ಅಡಿಸ್ ಅಬಾಬಾಕ್ಕೆ 784 ಕಿ.ಮೀ. ಮೀಟರ್ ಗೇಜ್ ರೈಲು ಮುಟ್ಟಿತು. ಆವತ್ತಿನಿಂದ ಇವತ್ತಿನವರೆಗೆ ಕಥೆಯ ಮೂಳೆ ಬದಲಾಗಿಲ್ಲ: ಒಳನಾಡಿನ ದೊಡ್ಡ ದೇಶ, ದಡದಲ್ಲಿ ಒಂದು ಸಣ್ಣ ಬಾಗಿಲು, ಬಾಗಿಲಲ್ಲಿ ಯಾರೋ ಹೊರಗಿನವರು.

ವಸಾಹತು ಕಾಲದ ಕೊನೆ ಅಷ್ಟು ಚಂದ ಇರಲಿಲ್ಲ. ಸ್ವಾತಂತ್ರ್ಯ ಬೇಕಾ ಬೇಡವಾ ಅಂತ 1958ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಮತ ಕೇಳಿದರು. ಎರಡು ಸಲವೂ ಫ್ರಾನ್ಸ್ ಜೊತೆಗೇ ಇರೋಣ ಎಂಬ ಫಲಿತಾಂಶ ಬಂತು. ಎರಡನೇ ಸಲ ಮತದಾನಕ್ಕೆ ಮೊದಲೇ ಸಾವಿರಾರು ಸೊಮಾಲಿಗಳನ್ನು ಗಡಿಯಾಚೆ ಕಳಿಸಿಯಾಗಿತ್ತು, ನಗರದ ಸುತ್ತ ಮುಳ್ಳುತಂತಿ ಬೇಲಿಯೂ ಎದ್ದಿತ್ತು. ಅದಾದ ಮೇಲೆ ಹೆಸರನ್ನೂ ಬದಲಿಸಿದರು: ‘ಅಫಾರ್ ಮತ್ತು ಈಸ್ಸಾಗಳ ಫ್ರೆಂಚ್ ಪ್ರದೇಶ’. ಈಸ್ಸಾ ಅಂದರೆ ಅಲ್ಲಿನ ಸೊಮಾಲಿಗಳ ದೊಡ್ಡ ಕುಲ. ಒಂದು ಹೆಸರಿನಲ್ಲೇ ಎರಡು ಸಮುದಾಯಗಳನ್ನು ಬೇರೆ ಬೇರೆ ಎಣಿಸಿ ಇಟ್ಟ ಹಾಗೆ. ಕೊನೆಗೆ 1977ರ ಮತದಾನದಲ್ಲಿ ಹೆಚ್ಚುಕಡಿಮೆ ಎಲ್ಲರೂ ಸ್ವಾತಂತ್ರ್ಯಕ್ಕೆ ಮತ ಹಾಕಿ, ಜೂನ್ 27ರಂದು ದೇಶ ಹುಟ್ಟಿತು. ಫ್ರೆಂಚ್ ಸೈನ್ಯ ಮಾತ್ರ ಹೋಗಲಿಲ್ಲ. ಆ ಎಣಿಕೆಯ ಲೆಕ್ಕ 1991ರಲ್ಲಿ ಅಂತರ್ಯುದ್ಧವಾಗಿ ಹೊರಬಂತು. ಅಧಿಕಾರದಲ್ಲಿ ನಮಗೆ ಪಾಲಿಲ್ಲ ಅಂತ ಅಫಾರ್ ಬಂಡುಕೋರರು ಎದ್ದರು. 1994ರಲ್ಲಿ ಒಂದು ಒಪ್ಪಂದ, 2001ರಲ್ಲಿ ಕೊನೆಯ ಒಪ್ಪಂದ.

ಈಗಿನ ಜಿಬೂಟಿ ನಿಜವಾಗಿ ಶುರುವಾಗುವುದು 1998ರಲ್ಲಿ. ಅದಕ್ಕೆ ಕಾರಣವಾದ ಜಗಳ ಜಿಬೂಟಿಯದಲ್ಲ. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಇಥಿಯೋಪಿಯಾ ತನ್ನ ಕರಾವಳಿ ಪೂರ್ತಿ ಕಳೆದುಕೊಂಡಿತು. ಆದರೂ ಎರಿಟ್ರಿಯಾದ ಪಾಲಾದ ಅಸ್ಸಾಬ್ ಬಂದರನ್ನು ಬಳಸುತ್ತಿತ್ತು, ಹೆಚ್ಚಿನ ಸರಕು ಅಲ್ಲಿಂದಲೇ ಬರುತ್ತಿತ್ತು. 1998ರ ಮೇ ತಿಂಗಳಲ್ಲಿ ಇಬ್ಬರಿಗೂ ಗಡಿಯುದ್ಧ ಹತ್ತಿಕೊಂಡಿತು, ಅಸ್ಸಾಬ್ ದಾರಿ ಮುಚ್ಚಿತು. ಅಷ್ಟು ದೊಡ್ಡ ದೇಶದ ಗೋಧಿ, ಗೊಬ್ಬರ, ಪೆಟ್ರೋಲ್, ಸಿಮೆಂಟು ಎಲ್ಲವೂ ಒಂದೇ ಸಲ ಜಿಬೂಟಿಯ ಕಡೆ ತಿರುಗಿತು. ಇವತ್ತಿಗೂ ಇಥಿಯೋಪಿಯಾದ ವಿದೇಶ ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ಈ ಒಂದೇ ಬಾಗಿಲಲ್ಲಿ ಹೋಗಿ ಬರುತ್ತದೆ. ಬೇರೆಯವರ ಮನೆಯಲ್ಲಿ ಪಾಲಾಯಿತು, ಮೂಲೆಯ ಅಂಗಡಿಗೆ ವ್ಯಾಪಾರ ಕುದುರಿತು.

ಅದಾಗಿ ಮೂರು ವರ್ಷಕ್ಕೆ ಅಮೆರಿಕದ ಮೇಲೆ 9/11 ದಾಳಿ. ಅಮೆರಿಕಕ್ಕೆ ಸೊಮಾಲಿಯಾ ಮತ್ತು ಯೆಮನ್ ಎರಡನ್ನೂ ಹತ್ತಿರದಿಂದ ನೋಡುವ ಜಾಗ ಬೇಕಾಯಿತು. ಫ್ರೆಂಚರ ಹಳೆಯ ಕ್ಯಾಂಪ್ ಲೆಮೊನಿಯೆ ಖಾಲಿ ಇತ್ತು, ಅಲ್ಲಿ ಬಂದು ಕೂತರು. ಆಫ್ರಿಕಾದಲ್ಲಿ ಅಮೆರಿಕದ ಕಾಯಂ ದೊಡ್ಡ ನೆಲೆ ಇವತ್ತಿಗೂ ಅದೊಂದೇ, ಸುಮಾರು 4,000 ಮಂದಿ ಇದ್ದಾರೆ. 2014ರಲ್ಲಿ ಒಪ್ಪಂದ ನವೀಕರಿಸಿದಾಗ ವರ್ಷದ ಬಾಡಿಗೆ 6 ಕೋಟಿ 30 ಲಕ್ಷ ಡಾಲರ್‌ಗೆ ಏರಿತು. ಈ ನೆಲೆ ಇರುವುದು ಅಂಬೂಲಿ ವಿಮಾನ ನಿಲ್ದಾಣದ ಮಗ್ಗುಲಲ್ಲೇ, ಜನ ಓಡಾಡುವ ವಿಮಾನಗಳೂ ಸೈನ್ಯದ ವಿಮಾನಗಳೂ ಒಂದೇ ರನ್‌ವೇ ಬಳಸುತ್ತವೆ. ಡ್ರೋನ್‌ಗಳ ಓಡಾಟ ಜಾಸ್ತಿಯಾಗಿ ಅಪಾಯ ಅನ್ನಿಸಿ 2013ರಲ್ಲಿ ಅವನ್ನು ಊರಾಚೆಯ ಶಬೆಲಿ ಎಂಬ ಮರುಭೂಮಿಯ ಪಟ್ಟಿಗೆ ಸಾಗಿಸಿದರು.

ನಂತರ ಸೊಮಾಲಿ ಕಡಲ್ಗಳ್ಳರ ಕಾಟ. ಹಡಗುಗಳನ್ನು ಕಾಯುವ ನೆಪ ಎಲ್ಲರಿಗೂ ಸಿಕ್ಕಿತು. ನೆಪ ಅನ್ನುವುದು ಪೂರ್ತಿ ಸರಿಯಲ್ಲ, ಕಾಟ ನಿಜವಾಗಿಯೂ ಇತ್ತು. ಆದರೆ ಕಳ್ಳರು ಕಡಿಮೆಯಾದ ಮೇಲೂ ಕಾವಲುಗಾರರು ಹೋಗಲಿಲ್ಲ ಅಲ್ವಾ? ಜಪಾನ್ 2011ರಲ್ಲಿ ಇಲ್ಲಿ ನೆಲೆ ತೆರೆಯಿತು, ಎರಡನೇ ಮಹಾಯುದ್ಧದ ನಂತರ ದೇಶದ ಹೊರಗೆ ಅದು ತೆರೆದ ಮೊದಲನೆಯದು. ಇಟಲಿ 2013ರಲ್ಲಿ ಬಂತು. 2017ರ ಆಗಸ್ಟ್ 1ರಂದು ಚೀನಾ ತನ್ನ ಮೊಟ್ಟಮೊದಲ ವಿದೇಶಿ ಸೇನಾನೆಲೆಯನ್ನು ದೊರಾಲೆಯಲ್ಲಿ ತೆರೆಯಿತು, ಅಮೆರಿಕದವರ ಕ್ಯಾಂಪಿನಿಂದ ಹತ್ತು ಹನ್ನೆರಡು ಕಿ.ಮೀ. ದೂರದಲ್ಲಿ. ಮರುವರ್ಷವೇ ತಕರಾರು. ನಿಮ್ಮ ಕಡೆಯಿಂದ ಲೇಸರ್ ಬಿಟ್ಟು ನಮ್ಮ ಪೈಲಟ್‌ಗಳ ಕಣ್ಣಿಗೆ ಏಟಾಗಿದೆ ಅಂತ ಅಮೆರಿಕ ದೂರು ಕೊಟ್ಟಿತು, ಹಾಗೇನಿಲ್ಲ ಅಂತ ಚೀನಾ ಹೇಳಿತು. ಒಂದೇ ವಠಾರದಲ್ಲಿ ಮಾತು ಬಿಟ್ಟ ಇಬ್ಬರು ಬಾಡಿಗೆದಾರರು. ಮಾಲೀಕರಿಗೆ ಇಬ್ಬರ ಬಾಡಿಗೆಯೂ ಬರಬೇಕು.

ಭಾರತದಲ್ಲಿ ಜಿಬೂಟಿ ಹೆಸರು ಮನೆಮನೆಗೆ ತಲುಪಿದ್ದು 2015ರ ಏಪ್ರಿಲ್‌ನಲ್ಲಿ. ಯೆಮನ್‌ನಲ್ಲಿ ಯುದ್ಧ ಶುರುವಾಗಿ ಸಾವಿರಾರು ಭಾರತೀಯರು ಸಿಕ್ಕಿಹಾಕಿಕೊಂಡಿದ್ದರು, ಅವರಲ್ಲಿ ನರ್ಸ್‌ಗಳು ಬಹಳ. ಏಡನ್ ಮತ್ತು ಹುದೈದಾದಿಂದ ನೌಕಾಪಡೆಯ ಹಡಗುಗಳು, ಸನಾದಿಂದ ಏರ್ ಇಂಡಿಯಾ ವಿಮಾನಗಳು ಅವರನ್ನು ತಂದು ಬಿಟ್ಟಿದ್ದು ಜಿಬೂಟಿಯಲ್ಲಿ. ಮೊದಲ ಹಡಗು ಐಎನ್‌ಎಸ್ ಸುಮಿತ್ರಾದಲ್ಲಿ 349 ಜನ. ಮಂತ್ರಿ ವಿ.ಕೆ. ಸಿಂಗ್ ಅಲ್ಲೇ ಉಳಿದು ಉಸ್ತುವಾರಿ ನೋಡಿದರು. ವಾಯುಪಡೆಯ ದೊಡ್ಡ ವಿಮಾನಗಳು ಅಲ್ಲಿಂದ ಮುಂಬೈಗೆ, ಕೊಚ್ಚಿಗೆ ಹಾರಿದವು. ಆಪರೇಷನ್ ರಾಹತ್ ಮುಗಿದಾಗ 4,600ಕ್ಕೂ ಹೆಚ್ಚು ಭಾರತೀಯರು, ಅವರ ಜೊತೆಗೆ 41 ದೇಶಗಳ 960 ಜನ ಹೊರಬಂದಿದ್ದರು. ಆಗ ಅಲ್ಲಿ ನಮ್ಮದೊಂದು ರಾಯಭಾರ ಕಚೇರಿಯೂ ಇರಲಿಲ್ಲ. ಅಡಿಸ್ ಅಬಾಬಾದಿಂದಲೇ ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ನಂತರ ರಾಷ್ಟ್ರಪತಿ ರಾಮನಾಥ ಕೋವಿಂದ್ ತಮ್ಮ ಮೊದಲ ವಿದೇಶ ಪ್ರವಾಸಕ್ಕೆ ಹೊರಟಾಗ ಮೊದಲು ಇಳಿದದ್ದು ಜಿಬೂಟಿಯಲ್ಲೇ. 2019ರಲ್ಲಿ ಕಚೇರಿಯೂ ಬಂತು.

ಇನ್ನು ಬಂದರಿನ ಕೇಸು. ಇದನ್ನು ಪೂರ್ತಿ ಬಿಡಿಸಲು ಹೋದರೆ ರಾತ್ರಿಯಾಗುತ್ತದೆ, ಮುಖ್ಯವಾದಷ್ಟು ಹೇಳುತ್ತೇನೆ. 1998ರ ನಂತರ ಬಂದ ಸರಕಿನ ಹೊಳೆಯನ್ನು ಹಳೆಯ ಬಂದರು ತಡೆದುಕೊಳ್ಳಲಿಲ್ಲ. 2000ದಲ್ಲಿ ದುಬೈನವರಿಗೆ ಬಂದರು ನಡೆಸಲು ಕೊಟ್ಟರು. 2006ರಲ್ಲಿ ದುಬೈನ ಬಂದರು ಕಂಪನಿ ಡಿಪಿ ವರ್ಲ್ಡ್ ಜೊತೆ ಹೊಸ ದೊರಾಲೆ ಕಂಟೇನರ್ ಟರ್ಮಿನಲ್‌ಗೆ 30 ವರ್ಷದ ಒಪ್ಪಂದ. ಕೆಲಸ ಚೆನ್ನಾಗಿಯೇ ಆಯಿತು, ಆ ಕರಾವಳಿಯಲ್ಲಿ ಅಂಥ ಟರ್ಮಿನಲ್ ಬೇರೆ ಇರಲಿಲ್ಲ. ಆಮೇಲೆ ಒಪ್ಪಂದ ನಮಗೆ ಅನ್ಯಾಯದ್ದು, ನಮ್ಮ ಬಂದರಿನಲ್ಲಿ ನಮ್ಮ ಮಾತೇ ನಡೆಯುತ್ತಿಲ್ಲ ಎಂದು ಸರ್ಕಾರ ಹೇಳತೊಡಗಿತು. ನಡುವೆ 2013ರಲ್ಲಿ ಬಂದರು ಕಂಪನಿಯಲ್ಲಿ 23.5% ಪಾಲನ್ನು ಚೀನಾದ ಸರ್ಕಾರಿ ಕಂಪನಿ ಚೀನಾ ಮರ್ಚಂಟ್ಸ್ ಕೊಂಡಿತು. 2018ರ ಫೆಬ್ರವರಿಯಲ್ಲಿ ಸರ್ಕಾರ ಟರ್ಮಿನಲ್ಲನ್ನು ವಶಕ್ಕೆ ತೆಗೆದುಕೊಂಡಿತು. ಲಂಡನ್ನಿನ ಪಂಚಾಯ್ತಿ ಕೋರ್ಟಿನಲ್ಲಿ ಡಿಪಿ ವರ್ಲ್ಡ್ ಪರ ಹಲವು ತೀರ್ಪು ಬಂದವು, 2025ರಲ್ಲಿ ಬಂದರು ಕಂಪನಿಯ ವಿರುದ್ಧದ ಒಂದು ದೊಡ್ಡ ಕ್ಲೇಮು ಬಿದ್ದುಹೋಯಿತು. ಟರ್ಮಿನಲ್ ಮಾತ್ರ ಜಿಬೂಟಿಯ ಕೈಯಲ್ಲೇ ಇದೆ. ಡಿಪಿ ವರ್ಲ್ಡ್ ಅಷ್ಟರಲ್ಲಾಗಲೇ ಸೊಮಾಲಿಯಾದಿಂದ ತಾನು ಬೇರೆ ಅಂತ ಘೋಷಿಸಿಕೊಂಡಿರುವ ಪಕ್ಕದ ಸೊಮಾಲಿಲ್ಯಾಂಡಿನ ಬರ್ಬೆರಾದಲ್ಲಿ ಬೇರೆ ಬಂದರು ಕಟ್ಟಲು ಹೊರಟಿತ್ತು. ಯಾರದು ಸರಿ ಎಂಬುದು ವಕೀಲರಿಗೆ ಬಿಟ್ಟದ್ದು. ಹಡಗಿನ ಏಜೆಂಟರು ಮಾತ್ರ ಕರಾರಿನ ಬೆಲೆ ಎಷ್ಟು ಅಂತ ನೋಡಿಟ್ಟುಕೊಂಡರು.

ಹಳೆಯ ರೈಲು ತುಕ್ಕು ಹಿಡಿದು ನಿಂತಿತ್ತು. ಅದರ ಜಾಗಕ್ಕೆ ಚೀನಾದ ಸಾಲದಲ್ಲಿ, ಚೀನಾದ ಕಂಪನಿಗಳೇ ಕಟ್ಟಿದ 750 ಕಿ.ಮೀ. ಚಿಲ್ಲರೆಯ ವಿದ್ಯುತ್ ರೈಲು ಬಂತು, 2018ರ ಜನವರಿಯಿಂದ ವ್ಯಾಪಾರಕ್ಕೆ ಓಡತೊಡಗಿತು. ಸಾಲ ಎಷ್ಟು ಬೇಗ ಬೆಳೆಯಿತು ಅಂದರೆ, ಎರಡೇ ವರ್ಷದಲ್ಲಿ ಜಿಡಿಪಿಯ 50%ನಿಂದ 85%ಗೆ ಹೋಯಿತು ಅಂತ 2017ರಲ್ಲಿ ಐಎಂಎಫ್ ಎಚ್ಚರಿಸಿತು.

ಇಷ್ಟೆಲ್ಲ ಬಾಡಿಗೆ ಬರುವ ಮನೆಯ ಒಳಗೆ ಹೇಗಿದೆ? ಕರೆಂಟಿನ ದೊಡ್ಡ ಪಾಲು 2011ರಿಂದ ಇಥಿಯೋಪಿಯಾದ ತಂತಿಯಲ್ಲಿ ಬರುತ್ತದೆ. ಕುಡಿಯುವ ನೀರು? 2017ರಲ್ಲಿ ಸುಮಾರು 100 ಕಿ.ಮೀ. ಪೈಪ್‌ಲೈನ್ ಹಾಕಿ ಅದನ್ನೂ ಇಥಿಯೋಪಿಯಾದ ಬೋರ್‌ವೆಲ್‌ಗಳಿಂದ ತಂದರು. ಸಮುದ್ರದ ನೀರು ಸಿಹಿ ಮಾಡುವ ಸ್ಥಾವರ ಯುರೋಪಿನ ಹಣದಲ್ಲಿ 2021ರಲ್ಲಿ ಶುರುವಾಯಿತು. ಮಾಲೀಕನ ನಲ್ಲಿಗೇ ಬಾಡಿಗೆದಾರನ ಮನೆಯಿಂದ ನೀರು.

ಅಗಿದರೆ ಅಮಲೇರುವ ಖಾತ್ ಎಲೆ ಕೂಡ ಅಲ್ಲಿಂದಲೇ. ಇಥಿಯೋಪಿಯಾದ ಬೆಟ್ಟಗಳಲ್ಲಿ ಬೆಳಗ್ಗೆ ಕಿತ್ತ ಚಿಗುರು ಮಧ್ಯಾಹ್ನದ ಹೊತ್ತಿಗೆ ರಾಜಧಾನಿಗೆ ಬಂದಿರಬೇಕು, ಒಣಗಿದರೆ ಯಾರೂ ಕೊಳ್ಳುವುದಿಲ್ಲ. ರಸ್ತೆ ಬದಿಯ ಪುಟ್ಟ ಮೇಜುಗಳಲ್ಲಿ ಒದ್ದೆ ಗೋಣಿ ಹೊದಿಸಿ ಕಟ್ಟುಗಳನ್ನು ಮಾರುವವರು ಹೆಚ್ಚಾಗಿ ಹೆಂಗಸರು. ಲಾರಿ ಬರುತ್ತಿದ್ದ ಹಾಗೆ ಹಾರ್ನು, ಗದ್ದಲ, ನೂಕುನುಗ್ಗಲು. ಒಂದು ಗಂಟೆಯಲ್ಲಿ ಊರು ತಣ್ಣಗೆ. ಗಂಡಸರು ಚಾಪೆ ಮೇಲೆ ಒರಗಿ ದವಡೆಯಲ್ಲಿ ಎಲೆ ಒತ್ತಿಕೊಂಡು ಸಂಜೆವರೆಗೆ ಮಾತು. ದಿನದ ದುಡಿಮೆಯ ಒಳ್ಳೆಯ ಪಾಲು ಆ ಕಟ್ಟಿಗೇ ಹೋಗುತ್ತದೆ. ಆದರೂ ಒಂದು ದಿನ ಅದು ಬರದಿದ್ದರೆ ಆಡಳಿತಕ್ಕೂ ಚಿಂತೆ.

ರಾಜಕೀಯ ಎರಡೇ ಸಾಲಿನದು. ಮೊದಲ ಅಧ್ಯಕ್ಷರು 1999ರವರೆಗೆ, ಅಲ್ಲಿಂದ ಅವರ ಸೋದರ ಸಂಬಂಧಿ ಇಸ್ಮಾಯಿಲ್ ಒಮರ್ ಗೆಲ್ಲೆ. 2010ರಲ್ಲಿ ಅವಧಿಯ ಮಿತಿ ತೆಗೆದು 75 ವರ್ಷದ ವಯಸ್ಸಿನ ಮಿತಿ ಇಟ್ಟರು, 2025ರಲ್ಲಿ ಸಂಸತ್ತು ಅದನ್ನೂ ತೆಗೆದುಹಾಕಿತು. ಹೊರಗಿನ ದೇಶಗಳು ಈ ಬಗ್ಗೆ ದನಿ ಎತ್ತುವುದು ಕಡಿಮೆ. ಬಾಡಿಗೆ ಕರಾರು ಇರುವವರು ಮಾಲೀಕರ ಮನೆ ವಿಷಯ ಯಾಕೆ ಮಾತಾಡುತ್ತಾರೆ ಹೇಳಿ.

ಈಗಿನ ಗೊಂದಲಕ್ಕೆ ಬರೋಣ. 2023ರ ಅಕ್ಟೋಬರ್‌ನಲ್ಲಿ ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹ್ಮದ್ ಕೆಂಪು ಸಮುದ್ರ ತಮ್ಮ ದೇಶಕ್ಕೆ ಅಳಿವು ಉಳಿವಿನ ಪ್ರಶ್ನೆ ಅಂದರು. ಅದೇ ವರ್ಷದ ನವೆಂಬರ್‌ನಿಂದ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿ, ಬಹಳಷ್ಟು ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. 2024ರ ಜನವರಿ 1ರಂದು ಇಥಿಯೋಪಿಯಾ ಸೊಮಾಲಿಲ್ಯಾಂಡ್ ಜೊತೆ ಕರಾವಳಿಯ ತುಂಡಿಗಾಗಿ ಒಪ್ಪಂದ ಮಾಡಿಕೊಂಡಿತು, ಸೊಮಾಲಿಯಾ ಸಿಟ್ಟಾಯಿತು. ಡಿಸೆಂಬರ್‌ನಲ್ಲಿ ಅಂಕಾರಾದಲ್ಲಿ ಟರ್ಕಿ ಇಬ್ಬರನ್ನೂ ಕೂರಿಸಿ ಸಮಾಧಾನ ಮಾಡಿತು. ಈ ನಡುವೆ ಜಿಬೂಟಿ ಒಂದು ಮಾತು ಮುಂದಿಟ್ಟಿತು: ಉತ್ತರದ ತಜೂರಾ ಬಂದರನ್ನು ನೀವೇ ನಡೆಸಿ. ಇಥಿಯೋಪಿಯಾದ ಪೊಟ್ಯಾಶ್ (ಗೊಬ್ಬರಕ್ಕೆ ಬಳಸುವ ಖನಿಜ) ಸಾಗಿಸಲೆಂದು ಕಟ್ಟಿದ ಬಂದರು ಅದು. ಒಂದೇ ದೊಡ್ಡ ಗಿರಾಕಿ ಬೇರೆ ಅಂಗಡಿ ಹುಡುಕುತ್ತಿದ್ದಾನೆ ಅಂದಾಗ ಯಾವ ಅಂಗಡಿಯವನಾದರೂ ಹೀಗೇ ಕುರ್ಚಿ ಎಳೆದು ಕೂರಿಸುತ್ತಾನೆ.

ಅದೇ ಉತ್ತರ ದಡದ ಓಬೋಕ್‌ನಲ್ಲಿ ಇಥಿಯೋಪಿಯಾದ ಹುಡುಗರು ಉರಿಬಿಸಿಲಲ್ಲಿ ನಡೆದು ಬಂದು, ಸೌದಿಯಲ್ಲಿ ಕೂಲಿ ಸಿಗುತ್ತದೆಂದು ಯೆಮನ್ ಕಡೆ ದೋಣಿ ಹತ್ತುತ್ತಾರೆ. ಯೆಮನ್‌ನಿಂದ ಯುದ್ಧಕ್ಕೆ ಹೆದರಿ ದಾಟಿ ಬಂದವರು ಅದೇ ಊರಿನ ಮರ್ಕಜಿ ಶಿಬಿರದಲ್ಲಿ 2015ರಿಂದ ಇದ್ದಾರೆ.