ಗುಮಾಸ್ತಾ ಇದ್ದ ಮಾತ್ರಕ್ಕೆ ಹೆಸರು ನಿಮ್ಮದಲ್ಲ

"ಗುಮಾಸ್ತಾ (ಅಂಗಡಿ ನಡೆಸುವ ಲೈಸೆನ್ಸ್) ಇದೆ, ಜಿಎಸ್‌ಟಿ ಇದೆ, ಫುಡ್ ಲೈಸೆನ್ಸೂ ಇದೆ. ಬೋರ್ಡಿನ ಹೆಸರು ನಮ್ಮದೇ ಅಲ್ಲವೇ?" ಮುಂಬಯಿಯಲ್ಲಿ ಮಂಗಳೂರು ಸ್ಟೋರ್ ನಡೆಸುವವರು ಹೀಗೆ ಕೇಳುವುದುಂಟು. ಅಲ್ಲ. ಅವು ವ್ಯಾಪಾರ ಮಾಡಲು ಬೇಕಾದ ಕಾಗದಗಳು. ಹೆಸರಿನ ಹಕ್ಕು ಬರುವುದು ಬಳಕೆಯಿಂದ ಮತ್ತು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿಯ ನೋಂದಣಿಯಿಂದ.

ಹೆಸರಲ್ಲೇ ಮೊದಲ ತೊಡಕು. ಉಡುಪಿ, ಮಂಗಳೂರು, ಕುಂದಾಪುರ ಎಲ್ಲರ ಊರುಗಳು. ಬರೀ ಊರಿನ ಹೆಸರಿಟ್ಟರೆ, ಯಾರದೆಂದು ಗುರುತಿಸಲಾಗದ ಹೆಸರನ್ನು ತಡೆಯುವ ಕಲಂ 9ರ ಆಕ್ಷೇಪ ಬಂದೇ ಬರುತ್ತದೆ. ಪುರಾಣದ ಹೆಸರಿಗೂ ಬಿಗಿ ಕಡಿಮೆ. 1985ರಿಂದ ಹಾಲಿಗೆ 'ನಂದಿನಿ' ಬಳಸುತ್ತಿದ್ದ ಕರ್ನಾಟಕದ ಹಾಲು ಮಹಾಮಂಡಳಿಗೆ, 'ನಂದಿನಿ ಡಿಲಕ್ಸ್' ಹೋಟೆಲಿನ ನೋಂದಣಿ ತಡೆಯಲು 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಗಲಿಲ್ಲ. ಹಾಲು, ಹಾಲಿನ ಪದಾರ್ಥಕ್ಕೆ ಮಾತ್ರ ಹೋಟೆಲಿಗೆ ಆ ನೋಂದಣಿ ಸಿಗಲಿಲ್ಲ. ಅರ್ಥವೇ ಇಲ್ಲದ ಹೊಸ ಪದ ಕಟ್ಟಿಕೊಳ್ಳಿ. ಗಿರಾಕಿಗೆ ಮೊದಲು ವಿಚಿತ್ರ ಎನಿಸಿದರೂ ಕೋರ್ಟಿನಲ್ಲಿ ಅದೇ ಗಟ್ಟಿ.

ನೋಂದಣಿಯ ಅರ್ಜಿ ಟಿಎಂ-ಎ ನಮೂನೆಯಲ್ಲಿ. ಸರಕು, ಸೇವೆಗೆ ತಕ್ಕಂತೆ ವರ್ಗ ಆರಿಸಬೇಕು: ಅಂಗಡಿಗೆ ವರ್ಗ 35, ಮಸಾಲೆ ಮತ್ತು ಕಾಫಿ ಪುಡಿಗೆ 30, ಉಪ್ಪಿನಕಾಯಿಗೆ 29. ಆನ್‌ಲೈನಿನಲ್ಲಿ ಒಂದೊಂದು ವರ್ಗಕ್ಕೆ ವ್ಯಕ್ತಿಗೂ ಸ್ಟಾರ್ಟಪ್ಪಿಗೂ ಸಣ್ಣ ಉದ್ದಿಮೆಗೂ 4,500 ರೂಪಾಯಿ, ಉಳಿದವರಿಗೆ 9,000.

ಹೆಚ್ಚಿನವರು ಎಡವುವುದು ಬಳಕೆಯ ದಿನಾಂಕದಲ್ಲಿ. ಹತ್ತು ವರ್ಷದಿಂದ ಮಾರುತ್ತಿದ್ದರೂ 'ಇನ್ನು ಬಳಸಲಿದ್ದೇವೆ' ಎಂದು ತುಂಬಿಬಿಡುತ್ತಾರೆ. ನಾಳೆ ತಗಾದೆ ಬಂದಾಗ ಆ ಹತ್ತು ವರ್ಷಕ್ಕೆ ಅವರ ಅರ್ಜಿಯೇ ಅಡ್ಡ ಬರುತ್ತದೆ. ಹಳೇ ದಿನಾಂಕ ಹಾಕಿದರೆ ಅಫಿಡವಿಟ್ಟಿನ ಜೊತೆ ಪುರಾವೆ ಬೇಕು. ಆದರೆ ಗಲ್ಲಾದಲ್ಲಿ ಹರಿದುಕೊಡುವ ಚೀಟಿಯಲ್ಲಿ ಬರೀ 'ಕ್ಯಾಶ್ ಮೆಮೊ' ಎಂದಿರುತ್ತದೆ, ಪ್ರೆಸ್ಸಿನವರ ಬಿಲ್ಲಿನಲ್ಲಿ '5,000 ಲೇಬಲ್' ಎಂದಷ್ಟೇ. ಯಾವ ಹೆಸರಿನ ಲೇಬಲ್? ಅದನ್ನು ಬಿಲ್ಲಿನಲ್ಲೇ ಬರೆಸಿ, ಜೊತೆಗೊಂದು ಲೇಬಲ್ ಪಿನ್ ಮಾಡಿಡಿ.

ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ಬೇರೆಯವರ ವಿರೋಧಕ್ಕೆ ನಾಲ್ಕು ತಿಂಗಳ ಅವಕಾಶವಿರುತ್ತದೆ. ಸರ್ಟಿಫಿಕೇಟ್ ಕೈಗೆ ಬರುವ ತನಕ 'ಟಿಎಂ' ಮಾತ್ರ ಹಾಕಿ. ಅದಕ್ಕೆ ಮೊದಲೇ ವೃತ್ತದೊಳಗಿನ 'ಆರ್' (ನೋಂದಣಿಯಾದ ಗುರುತು) ಹಾಕಿದರೆ ಕಲಂ 107ರಡಿ ದಂಡ.

ನಕಲಿ ಎಂದರೆ ಹೊರಗಿನವರದೇ ಕೆಲಸ ಎಂದುಕೊಳ್ಳಬೇಡಿ. ಪೌಚ್ ಅಚ್ಚಾಗುವ ಸಿಲಿಂಡರಿಗೆ ದುಡ್ಡು ನಿಮ್ಮದು, ಅದು ಬಿದ್ದಿರುವುದು ಪ್ರೆಸ್ಸಿನಲ್ಲಿ. ಪ್ಯಾಕಿಂಗ್ ಮಾಡಿಕೊಡುವವರೊಂದಿಗೆ ಮುನಿಸಾದರೆ ಅದೇ ಸಿಲಿಂಡರಿನಿಂದ ಅಸಲಿಯಂಥದೇ ಪೌಚ್ ಹೊರಬರುತ್ತದೆ. ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ: ಸಿಲಿಂಡರ್ ಅಂಗಡಿಯದು, ನಿಮ್ಮ ಸಹಿ ಇಲ್ಲದೆ ಅಚ್ಚು ಹಾಕುವಂತಿಲ್ಲ, ಉಳಿದ ಪೌಚನ್ನು ಎಣಿಸಿ ವಾಪಸು ಕೊಡಬೇಕು.