ಹಯೆಕ್ ಅವರ ಕೂಟ ಥ್ಯಾಚರ್ ಸರ್ಕಾರವನ್ನು ನಡೆಸಿತೇ?

ಓದುಗರ ಪ್ರಶ್ನೆ: ವಿದ್ವಾಂಸರ ಸಣ್ಣ ಕೂಟಗಳು ತೆರೆಮರೆಯಲ್ಲಿ ಕುಳಿತು ಸರ್ಕಾರಗಳ ನೀತಿಯನ್ನು ನಿರ್ಧರಿಸುತ್ತವೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇದರಲ್ಲಿ ಎಷ್ಟು ನಿಜವಿದೆ?

ಈ ಗುಮಾನಿಗೆ ಬಹಳವಾಗಿ ಗುರಿಯಾಗಿರುವ ಮಾಂಟ್ ಪೆಲೆರಿನ್ ಸೊಸೈಟಿಯನ್ನೇ ನೋಡೋಣ. 1947ರ ಏಪ್ರಿಲ್‌ನಲ್ಲಿ, ಜಿನೀವಾ ಸರೋವರದ ಮೇಲಿನ ಅದೇ ಹೆಸರಿನ ಬೆಟ್ಟದೂರಿನಲ್ಲಿ, ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಅವರ ಕರೆಗೆ ಓಗೊಟ್ಟು 39 ಜನ ಸೇರಿದರು. ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪ್ಪರ್ ಅವರಲ್ಲಿದ್ದರು; 34ರ ಹರೆಯದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಕೂಡ ಇದ್ದರು. ಯುದ್ಧಾನಂತರದ ಯೂರೋಪು ಸರ್ಕಾರಿ ಯೋಜನೆಯ ಕಡೆಗೆ ವಾಲಿದ್ದ ಆ ದಿನಗಳಲ್ಲಿ, ಮುಕ್ತ ಮಾರುಕಟ್ಟೆಯನ್ನು ನಂಬಿದ ಇವರ ಮಾತಿಗೆ ಯಾವ ರಾಜಧಾನಿಯಲ್ಲೂ ಹೆಚ್ಚಿನ ಬೆಲೆ ಇರಲಿಲ್ಲ.

ಹಯೆಕ್ ಅವರ ಕಣ್ಣೆದುರು ಎದುರಾಳಿಗಳದೇ ಮಾದರಿಯಿತ್ತು. 1884ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫೇಬಿಯನ್ ಸೊಸೈಟಿಯ ಸಮಾಜವಾದಿಗಳು ಉಪನ್ಯಾಸ, ಕಿರುಹೊತ್ತಗೆ, ವರದಿಗಳ ಮೂಲಕ ಅರ್ಧ ಶತಮಾನ ದುಡಿದು ಲೇಬರ್ ಪಕ್ಷದ ಆಲೋಚನೆಯನ್ನೇ ರೂಪಿಸಿದ್ದರು. 1895ರಲ್ಲಿ ಅವರು ಸ್ಥಾಪಿಸಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿಯೇ ಹಯೆಕ್ ಪಾಠ ಹೇಳುತ್ತಿದ್ದರು. ಹಾಗಾಗಿ ರಾಜಕೀಯಕ್ಕೆ ಇಳಿಯುವ ಮನಸ್ಸಿನಿಂದ ತಮ್ಮಲ್ಲಿಗೆ ಬಂದ ಆಂಟನಿ ಫಿಶರ್ ಎಂಬ ಮಾಜಿ ವಿಮಾನಚಾಲಕರಿಗೆ ಅವರು ಕೊಟ್ಟ ಸಲಹೆ ಬೇರೆಯೇ ಆಗಿತ್ತು: ಚುನಾವಣೆ ಬೇಡ, ಅಭಿಪ್ರಾಯ ರೂಪಿಸುವವರನ್ನು ತಲುಪುವ ಸಂಶೋಧನಾ ಸಂಸ್ಥೆ ಕಟ್ಟಿ. ಮುಂದೆ ಕೋಳಿ ಸಾಕಣೆಯ ಉದ್ಯಮದಲ್ಲಿ ಹಣ ಗಳಿಸಿದ ಫಿಶರ್ 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಅನ್ನು ಸ್ಥಾಪಿಸಿದರು. ಅದು ಪತ್ರಕರ್ತರಿಗೂ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅರ್ಥವಾಗುವ ಕಿರುಪುಸ್ತಕಗಳನ್ನು ಎರಡು ದಶಕ ಬಿಡದೆ ಪ್ರಕಟಿಸಿತು. ಪ್ರಭಾವದ ಗುಟ್ಟು ಯಾವುದೋ ರಹಸ್ಯ ಸಭೆಯಲ್ಲಿರಲಿಲ್ಲ, ಈ ಬೇಸರದ ದುಡಿಮೆಯಲ್ಲಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ದುಡಿಮೆಯೊಂದೇ ಸಾಲುತ್ತಿರಲಿಲ್ಲ. 1975ರಲ್ಲಿ ಬ್ರಿಟನ್ನಿನ ಹಣದುಬ್ಬರ ಶೇಕಡಾ 24ನ್ನು ದಾಟಿತು. 1976ರಲ್ಲಿ ಆ ದೇಶ ಸಾಲಕ್ಕಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲು ತಟ್ಟಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಯಾವ ರಾಜಕಾರಣಿಗೂ ವ್ಯವಧಾನವಿರುವುದಿಲ್ಲ, ಮೊದಲೇ ತೋಡಿಟ್ಟ ಬಾವಿ ಎಲ್ಲಿದೆಯೆಂದು ಹುಡುಕುತ್ತಾನೆ. ಸರ್ಕಾರಿ ಖರ್ಚು ಹೆಚ್ಚಿಸಿ ಆರ್ಥಿಕ ಹಿಂಜರಿತದಿಂದ ಪಾರಾಗುವ ಕಾಲ ಮುಗಿಯಿತೆಂದು ಆ ವರ್ಷ ಸಾರಿದವರು ಲೇಬರ್ ಪಕ್ಷದ ಪ್ರಧಾನಿ ಜೇಮ್ಸ್ ಕ್ಯಾಲಹನ್ ಎಂಬುದನ್ನು ಗಮನಿಸಬೇಕು. ಎದುರಾಳಿ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದದ್ದು ಆಮೇಲೆ, 1979ರಲ್ಲಿ.

ಹಾಗಾದರೆ ಆ ಸರ್ಕಾರವನ್ನು ಕೂಟವೇ ನಡೆಸಿತೇ? ಇಲ್ಲ. 1982ರಲ್ಲಿ ಹಯೆಕ್ ಅವರಿಗೆ ಬರೆದ ಪತ್ರದಲ್ಲಿ ಥ್ಯಾಚರ್, ಸೈನಿಕ ಆಡಳಿತದಲ್ಲಿ ಮುಕ್ತ ಮಾರುಕಟ್ಟೆಯ ದಾರಿ ಹಿಡಿದಿದ್ದ ಚಿಲಿಯಲ್ಲಿ ಕೈಗೊಂಡ ಕೆಲವು ಕ್ರಮಗಳು ಪ್ರಜಾಪ್ರಭುತ್ವವಿರುವ ಬ್ರಿಟನ್ನಿಗೆ ಒಪ್ಪತಕ್ಕವಲ್ಲ ಎಂದು ಸ್ಪಷ್ಟವಾಗಿ ತಿಳಿಸಿದರು. ತೆರಿಗೆ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆ ಅವರ ಕಾಲದಲ್ಲೂ ಉಳಿಯಿತು. ಇನ್ನೊಂದು ಕಡೆ, ಹಿಂಜರಿತದ ನಡುವೆಯೇ ತೆರಿಗೆ ಹೆಚ್ಚಿಸಿದ 1981ರ ಬಜೆಟ್ಟಿನ ನೀತಿಯನ್ನು ವಿರೋಧಿಸಿ 364 ಅರ್ಥಶಾಸ್ತ್ರಜ್ಞರು ಪತ್ರಿಕೆಗೆ ಬರೆದರೂ ಸರ್ಕಾರ ಹಿಂದೆ ಸರಿಯಲಿಲ್ಲ. ವಿದ್ವತ್ತಿನ ಬಹುಮತಕ್ಕೆ ದಕ್ಕದ ಪ್ರಭಾವ ಸಣ್ಣ ಗುಂಪೊಂದಕ್ಕೆ ದಕ್ಕಿತ್ತು, ಏಕೆಂದರೆ ಆ ನಾಯಕಿ ತಾನಾಗಿಯೇ ನಂಬಿದ್ದ ದಾರಿಗೆ ಅದು ವಾದವನ್ನೂ ಭಾಷೆಯನ್ನೂ ಒದಗಿಸಿತು. ಆಯ್ಕೆಯ ಹಕ್ಕು ಅಧಿಕಾರದ ಕೈಯಲ್ಲೇ ಇತ್ತು.

ನಮ್ಮ ನಾಡಿನ ನಂಟುಳ್ಳ ಒಬ್ಬರ ಕತೆಯೂ ಇಲ್ಲಿ ಸೇರುತ್ತದೆ. ಅಂದಿನ ದಕ್ಷಿಣ ಕನ್ನಡದಲ್ಲಿ 1905ರಲ್ಲಿ ಹುಟ್ಟಿದ ಬಿ. ಆರ್. ಶೆಣೈ ಲಂಡನ್ ಸ್ಕೂಲಿನಲ್ಲಿ ಓದಿದವರು, ಇದೇ ಸೊಸೈಟಿಯ ಸದಸ್ಯರು. ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ, ಕೊರತೆ ಹಣಕಾಸಿನ (ಆದಾಯ ಮೀರಿದ ಖರ್ಚನ್ನು ಹೊಸ ಹಣದಿಂದ ತುಂಬುವುದರ) ಪ್ರಮಾಣದ ವಿರುದ್ಧ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ದೆಹಲಿ ಆಗ ಆ ಯೋಜನೆಯನ್ನು ರೂಪಿಸಿದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮಾತಿಗೆ ಕಿವಿಗೊಟ್ಟಿತ್ತು. ಶೆಣೈ 1978ರಲ್ಲಿ ತೀರಿಕೊಂಡರು. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ದೇಶದ ಚಿನ್ನವನ್ನು ಅಡವಿಡಬೇಕಾಗಿ ಬಂದಾಗ ಪರವಾನಗಿ ವ್ಯವಸ್ಥೆಯನ್ನು ಸಡಿಲಿಸಿದ ಮನಮೋಹನ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಶೆಣೈ ಅವರ ಕೂಟದವರಲ್ಲ, ಸರ್ಕಾರದೊಳಗೇ ಬಹುಕಾಲ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞರು.